ಆಮದು ಕಪಾಟಿಗೆ ಸುಂಕ ಬಿದ್ದರೆ ನನ್ನ ಕಾರ್ಖಾನೆ ಉಳಿದೀತೇ?

ಪ್ರಶ್ನೆ: ನನ್ನದು ತಗಡಿನ ಕಪಾಟು, ರ್‍ಯಾಕ್ ಮಾಡುವ ಸಣ್ಣ ಕಾರ್ಖಾನೆ. ಹದಿನಾಲ್ಕು ಜನ ಕೆಲಸಕ್ಕಿದ್ದಾರೆ. ಕೆಲವು ವರ್ಷಗಳಿಂದ ಹೊರದೇಶದ ಕಪಾಟುಗಳು ಬಿಚ್ಚಿದ ಭಾಗಗಳಾಗಿ ಡಬ್ಬಿಯಲ್ಲಿ ಬರುತ್ತಿವೆ. ಅಂಗಡಿಯಲ್ಲಿ ಅವುಗಳ ಬೆಲೆ ನನ್ನದಕ್ಕಿಂತ ಐದನೇ ಒಂದು ಭಾಗ ಕಡಿಮೆ. ಸಿದ್ಧ ಕಪಾಟಿನ ಮೇಲೆ ಶೇ 25 ಸುಂಕ ಹಾಕಬೇಕೆಂದು ನಮ್ಮ ಉತ್ಪಾದಕರ ಸಂಘ ಸರ್ಕಾರಕ್ಕೆ ಮನವಿ ಸಿದ್ಧಪಡಿಸಿದೆ. ನನ್ನ ಸಹಿ ಕೇಳುತ್ತಿದ್ದಾರೆ. ಅತ್ತ ಉಕ್ಕಿನ ಕಂಪನಿಗಳು ಆಮದು ತಗಡಿನ ಮೇಲೂ ಅಷ್ಟೇ ಸುಂಕ ಬೇಕೆಂದು ಪಟ್ಟು ಹಿಡಿದಿವೆ. ‘ಸುಂಕ ಕಟ್ಟುವುದು ಹೊರದೇಶದವರು, ನಮ್ಮ ಗಂಟೇನು ಹೋಗುತ್ತದೆ’ ಎನ್ನುತ್ತಾರೆ ಸಂಘದವರು. ಅರ್ಥಶಾಸ್ತ್ರ ಓದುತ್ತಿರುವ ನನ್ನ ಮಗಳು, ‘ಕಟ್ಟುವುದು ಗ್ರಾಹಕರೇ ಅಪ್ಪ, ಸುಂಕ ಹಾಕಿ ಯಾವ ದೇಶವೂ ಉದ್ಧಾರ ಆಗಿಲ್ಲ’ ಎನ್ನುತ್ತಾಳೆ. ಯಾರ ಮಾತು ಸರಿ? ನಾನು ಸಹಿ ಹಾಕಲೇ? ಸುಂಕ ಬರುತ್ತದೆಂದು ನಂಬಿ, ಸಾಲ ಮಾಡಿ ಹೊಸ ಬೆಂಡಿಂಗ್ ಮಷೀನ್ ಹಾಕಿಸಲೇ?

ಉತ್ತರ: ನೀವು ಕೇಳಿದ್ದು ಮೂರು ಪ್ರಶ್ನೆ. ಅವುಗಳ ಹಿಂದಿರುವ ಚಿಂತೆ ಒಂದೇ: ಹದಿನಾಲ್ಕು ಜನರಿಗೆ ಮುಂದೆಯೂ ಸಂಬಳ ಕೊಡಲು ಆಗುತ್ತದೆಯೇ ಎಂಬುದು. ಆಮದು ವೆಚ್ಚದ ಲೆಕ್ಕ ಹಾಕಿಕೊಡುವುದೇ ನನ್ನ ಕಸುಬು. ಹಾಗಾಗಿ ದೇಶ ಉದ್ಧಾರವಾಗುವ ಮಾತನ್ನು ಸ್ವಲ್ಪ ಪಕ್ಕಕ್ಕಿಟ್ಟು ನಿಮ್ಮ ಕಪಾಟಿನ ಲೆಕ್ಕವನ್ನೇ ಮೊದಲು ಬಿಡಿಸೋಣ.

ನಿಮ್ಮ ಕಪಾಟಿನ ಬೆಲೆ 100 ಎಂದಿಟ್ಟುಕೊಳ್ಳಿ. ಅದರಲ್ಲಿ ತಗಡಿಗೆ 60, ಸಂಬಳ, ವಿದ್ಯುತ್, ಬಣ್ಣ, ಬಾಡಿಗೆ, ಬಡ್ಡಿ, ನಿಮ್ಮ ಲಾಭ ಎಲ್ಲ ಸೇರಿ 40. ಹೊರಗಿನ ಕಪಾಟು ಅಂಗಡಿಯಲ್ಲಿ 80ಕ್ಕೆ ಸಿಗುತ್ತಿದೆ. ಶೇ 25 ಸುಂಕ ಬಿದ್ದರೆ ಅದು ನೇರ 100 ಆಗುತ್ತದೆ, ಇಬ್ಬರೂ ಸಮ ಎಂದು ಸಂಘದವರು ಲೆಕ್ಕ ಹಾಕಿರಬಹುದು. ಮನವಿ ಪತ್ರಗಳಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು ಇದೇ. ಸುಂಕ ಬೀಳುವುದು ಅಂಗಡಿಯ ಬೆಲೆಯ ಮೇಲಲ್ಲ, ಸರಕು ಬಂದರಿನಲ್ಲಿ ಇಳಿಯುವಾಗ ಕಸ್ಟಮ್ಸ್‌ನವರು ಒಪ್ಪಿಕೊಳ್ಳುವ ಮೌಲ್ಯದ ಮೇಲೆ. ಅಂಗಡಿಯ 80ರಲ್ಲಿ ಆಮದುದಾರನ ಲಾಭ, ಗೋದಾಮು, ಒಳನಾಡಿನ ಲಾರಿ ಬಾಡಿಗೆ, ಚಿಲ್ಲರೆ ವ್ಯಾಪಾರಿಯ ಕಮಿಷನ್ ಎಲ್ಲವೂ ಇದೆ. ಬಂದರಿನ ಮೌಲ್ಯ 60 ಎಂದುಕೊಂಡರೆ ಸುಂಕ 15. ಅಲ್ಲಿಗೆ ಹೊರಗಿನ ಕಪಾಟು 95. ನಿಮಗೂ ಅದಕ್ಕೂ ಇದ್ದ 20ರ ಅಂತರ 5ಕ್ಕೆ ಇಳಿಯಿತು. ಕೆಟ್ಟದ್ದೇನಲ್ಲ.

ಈಗ ಉಕ್ಕಿನ ಕಂಪನಿಗಳ ಮನವಿಯೂ ಮಂಜೂರಾಯಿತು ಎನ್ನಿ. ನೀವು ಕೊಳ್ಳುವುದು ಸ್ವದೇಶಿ ತಗಡೇ ಇರಬಹುದು, ಆದರೂ ಬೆಲೆ ಏರುತ್ತದೆ. ಆಮದು ತಗಡು ದುಬಾರಿಯಾದ ಮೇಲೆ ಹಳೆಯ ದರಕ್ಕೆ ಮಾರಲು ಸ್ವದೇಶಿ ಕಂಪನಿಗೇನು ಹುಚ್ಚೇ? ತಗಡು ಸಗಟು ಸರಕು, ನಡುವಿನ ಕಮಿಷನ್ ಕಡಿಮೆ. ಹಾಗಾಗಿ ಸುಂಕದ ಬಹುಪಾಲು ನಿಮ್ಮ ಬಿಲ್ಲಿಗೇ ಬರುತ್ತದೆ. 60 ಇದ್ದದ್ದು ಹೆಚ್ಚೆಂದರೆ 75. ನಿಮ್ಮ ಪಾಲಿನ 40 ಉಳಿಸಿಕೊಳ್ಳಬೇಕಾದರೆ ಕಪಾಟನ್ನು 115ಕ್ಕೆ ಮಾರಬೇಕು. ಹೊರಗಿನದು 95. ಅಂತರ ಮತ್ತೆ 20. ಮನವಿ, ಓಡಾಟ, ವಕೀಲರ ಖರ್ಚು ಎಲ್ಲ ಮುಗಿಸಿ ನೀವು ಹೊರಟಲ್ಲಿಗೇ ಬಂದು ನಿಂತಿರಿ. ಕಪಾಟು ಕೊಳ್ಳುವವರು ಮಾತ್ರ ಯಾವುದನ್ನು ಕೊಂಡರೂ 15 ಹೆಚ್ಚು ಕೊಟ್ಟರು.

ಇದಕ್ಕಿಂತ ಕೆಟ್ಟ ಸಾಧ್ಯತೆ ಇನ್ನೊಂದಿದೆ. ತಗಡಿಗೆ ಸುಂಕ ಬಂತು, ಕಪಾಟಿಗೆ ಬರಲಿಲ್ಲ. ಆಗ ನೀವು 115, ಅವರು 80. ಇದು ಬರೀ ಊಹೆಯಲ್ಲ. ಉಕ್ಕಿನ ಕಂಪನಿಗಳು ಕೈಬೆರಳೆಣಿಕೆಯಷ್ಟು, ದೊಡ್ಡವು, ಅಂಕಿಅಂಶ ಕೊಡಲು, ಅಧಿಕಾರಿಗಳನ್ನು ಕಾಣಲು ಅವಕ್ಕೆ ಪ್ರತ್ಯೇಕ ವಿಭಾಗವೇ ಇರುತ್ತದೆ. ತಗಡು ಬಗ್ಗಿಸುವವರು ಸಾವಿರಾರು ಜನ, ಒಬ್ಬರ ಪರಿಚಯ ಒಬ್ಬರಿಗಿಲ್ಲ. ಯಾರ ಮನವಿ ಬೇಗ ಮೇಲೆ ಹೋಗುತ್ತದೆ ಎಂದು ನಾನು ಹೇಳಬೇಕಿಲ್ಲ. ಅಮೆರಿಕ 2018ರಲ್ಲಿ ಆಮದು ಉಕ್ಕಿನ ಮೇಲೆ ಶೇ 25 ಸುಂಕ ಹಾಕಿತಲ್ಲ, ಆಗ ಅಲ್ಲಿನ ಅರ್ಥಶಾಸ್ತ್ರಜ್ಞರು ಒಂದು ಅಂದಾಜು ಮುಂದಿಟ್ಟರು: ಉಕ್ಕು ತಯಾರಿಸುವ ಒಂದು ಕೆಲಸಕ್ಕೆ ಉಕ್ಕನ್ನು ಬಳಸುವ ಉದ್ಯಮಗಳಲ್ಲಿ ಸುಮಾರು 80 ಕೆಲಸಗಳಿವೆ. ಆ 80ರ ಗುಂಪಿನಲ್ಲಿ ನಿಮ್ಮ ಹದಿನಾಲ್ಕು ಜನರಂಥವರೇ ಇರುವುದು.

ಆದ್ದರಿಂದ ‘ಸುಂಕ ಒಳ್ಳೆಯದೋ ಕೆಟ್ಟದ್ದೋ’ ಎಂದು ನನ್ನ ಬಳಿ ಯಾರೇ ಬಂದರೂ ನಾನು ಮೊದಲು ಕೇಳುವುದು, ಯಾವುದರ ಮೇಲಿನ ಸುಂಕ ಎಂದು. ಒಬ್ಬರ ಸಿದ್ಧವಸ್ತು ಇನ್ನೊಬ್ಬರ ಕಚ್ಚಾವಸ್ತು. ಕಚ್ಚಾವಸ್ತುವಿನ ಮೇಲೆ ಹಾಕಿದ ಸುಂಕ ಸ್ವದೇಶಿ ಉತ್ಪಾದನೆಯ ಹೆಸರಿನಲ್ಲಿ ಸ್ವದೇಶಿ ಉತ್ಪಾದಕನಿಗೇ ಹಾಕಿದ ತೆರಿಗೆ.

ಇನ್ನು, ಕಟ್ಟುವುದು ಯಾರು ಎಂಬ ಜಗಳ. ಇದರಲ್ಲಿ ನಿಮ್ಮ ಮಗಳೇ ಸತ್ಯಕ್ಕೆ ಹತ್ತಿರ. ಕಾನೂನಿನ ಪ್ರಕಾರ ಕಸ್ಟಮ್ಸ್‌ಗೆ ಹಣ ಕಟ್ಟಿ ಸರಕು ಬಿಡಿಸಿಕೊಳ್ಳುವವನು ಆಮದುದಾರ, ಅಂದರೆ ನಮ್ಮವನೇ. ಹೊರದೇಶದ ಕಂಪನಿ ಒಂದು ಕಾಸನ್ನೂ ನಮ್ಮ ಖಜಾನೆಗೆ ಕಟ್ಟುವುದಿಲ್ಲ. ಮಾರುಕಟ್ಟೆ ಕೈತಪ್ಪೀತೆಂದು ಅವನು ತನ್ನ ಬೆಲೆಯನ್ನೇ ಇಳಿಸಿದರೆ ಅಷ್ಟರಮಟ್ಟಿಗೆ ಸುಂಕದ ಹೊರೆ ಅವನ ಮೇಲೂ ಬಿತ್ತು ಎನ್ನಬಹುದು. ಇಳಿಸುತ್ತಾನೆಯೇ? 2018–19ರಲ್ಲಿ ಅಮೆರಿಕ ಹಾಕಿದ ಸುಂಕಗಳ ಕಸ್ಟಮ್ಸ್ ದಾಖಲೆಗಳನ್ನು ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನವರೂ ಸೇರಿದಂತೆ ಹಲವು ಅರ್ಥಶಾಸ್ತ್ರಜ್ಞರು ಜಾಲಾಡಿದರು. ಹೊರಗಿನವರು ಬೆಲೆ ಇಳಿಸಿದ್ದು ಇಲ್ಲವೆನ್ನುವಷ್ಟು ಕಡಿಮೆ. ಸುಂಕದ ಹೆಚ್ಚುಕಡಿಮೆ ಪೂರ್ತಿ ಭಾರ ಅಮೆರಿಕದ ಆಮದುದಾರರ ತಲೆಗೇ ಬಂತು. ಉಕ್ಕಿನಲ್ಲಿ ಮಾತ್ರ ಸುಮಾರು ಒಂದು ವರ್ಷದ ನಂತರ ವಿದೇಶಿ ಮಾರಾಟಗಾರರು ಅರ್ಧದಷ್ಟು ಹೊರೆ ಹೊತ್ತರು. ‘ಹೊರದೇಶದವರು ಕಟ್ಟುತ್ತಾರೆ’ ಎಂಬ ಮಾತಿಗೆ ಆಧಾರವೇ ಇಲ್ಲ ಎನ್ನಲಾಗದು, ಆದರೆ ಅದನ್ನು ನಂಬಿ ಸಹಿ ಹಾಕುವಷ್ಟು ಗಟ್ಟಿ ಆಧಾರವೂ ಅಲ್ಲ.

ಆಮದುದಾರನಿಂದ ಅದು ಗ್ರಾಹಕನಿಗೆ ಹೇಗೆ ದಾಟುತ್ತದೆ ಎಂಬುದಕ್ಕೆ ಬಟ್ಟೆ ಒಗೆಯುವ ಯಂತ್ರದ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2018ರ ಆರಂಭದಲ್ಲಿ ಅಮೆರಿಕ ಆಮದು ವಾಷಿಂಗ್ ಮಷೀನುಗಳ ಮೇಲೆ ಸುಂಕ ಹಾಕಿತು: ವರ್ಷದ ಮೊದಲ 12 ಲಕ್ಷ ಯಂತ್ರಗಳಿಗೆ ಶೇ 20, ಅದಕ್ಕಿಂತ ಮೇಲಿನವಕ್ಕೆ ಶೇ 50. ಬೆಲೆ ಸುಮಾರು ಶೇ 12 ಏರಿತು. ಆಮದಾದವಕ್ಕಷ್ಟೇ ಅಲ್ಲ, ಸ್ವದೇಶಿ ಯಂತ್ರಗಳಿಗೂ. ಇನ್ನೂ ಸ್ವಾರಸ್ಯವೆಂದರೆ ಬಟ್ಟೆ ಒಣಗಿಸುವ ಡ್ರೈಯರ್‌ಗೆ ಸುಂಕವೇ ಇರಲಿಲ್ಲ, ಅದರ ಬೆಲೆಯೂ ಅಷ್ಟೇ ಏರಿತು. ಅಲ್ಲಿ ಜನ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ; ಏರಿಕೆಯನ್ನು ಕಂಪನಿಗಳು ಎರಡಕ್ಕೂ ಹಂಚಿಬಿಟ್ಟವು. ಗ್ರಾಹಕರ ಜೇಬಿನಿಂದ ವರ್ಷಕ್ಕೆ ಹೋದದ್ದು ಸುಮಾರು 150 ಕೋಟಿ ಡಾಲರ್ ಎಂದೂ, ಸರ್ಕಾರಕ್ಕೆ ಸುಂಕವಾಗಿ ಬಂದದ್ದು ಸುಮಾರು 8 ಕೋಟಿ 20 ಲಕ್ಷ ಡಾಲರ್ ಎಂದೂ ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು ಲೆಕ್ಕ ಕೊಟ್ಟರು. ಉಳಿದದ್ದರಲ್ಲಿ ಹೆಚ್ಚಿನದು ಉತ್ಪಾದಕರ ಮತ್ತು ಮಾರಾಟಗಾರರ ಕೈಸೇರಿತು.

ಕೆಲಸ ಹುಟ್ಟಲಿಲ್ಲವೇ? ಹುಟ್ಟಿದವು. ಸ್ಯಾಮ್‌ಸಂಗ್, ಎಲ್‌ಜಿ ಕಂಪನಿಗಳ ಕಾರ್ಖಾನೆಗಳು ಅಮೆರಿಕದಲ್ಲೇ ಶುರುವಾದವು, ಹಳೆಯ ಸ್ವದೇಶಿ ಕಂಪನಿಯೂ ಜನರನ್ನು ಸೇರಿಸಿಕೊಂಡಿತು. ಒಟ್ಟು ಸುಮಾರು 1,800 ಕೆಲಸ. ಗ್ರಾಹಕರು ತೆತ್ತದ್ದನ್ನು ಭಾಗಿಸಿದರೆ ಒಂದೊಂದು ಕೆಲಸಕ್ಕೆ ವರ್ಷಕ್ಕೆ 8 ಲಕ್ಷ ಡಾಲರ್‌ಗೂ ಮೀರಿ ಬಿತ್ತು. ಗುಡ್ಡ ಅಗೆದು ಇಲಿ ಹಿಡಿದ ಹಾಗೆ. ಆದರೂ ಆ 1,800 ಮನೆಗಳವರಿಗೆ ಅದು ಇಲಿ ಅಲ್ಲ, ಅನ್ನ. ಸುಂಕದ ರಾಜಕೀಯ ನಡೆಯುವುದೇ ಹೀಗೆ: ಲಾಭ ಪಡೆದವರಿಗೆ ತಾವು ಯಾರೆಂದು ಗೊತ್ತಿರುತ್ತದೆ, ಅವರ ಕಾರ್ಖಾನೆಯ ಮುಂದೆ ಫೋಟೊ ತೆಗೆಸಿಕೊಳ್ಳಬಹುದು. ಚೂರುಚೂರಾಗಿ ಹೆಚ್ಚು ತೆತ್ತ ಕೋಟ್ಯಂತರ ಜನರಿಗೆ ತಾವು ತೆತ್ತಿದ್ದೇವೆ ಎಂಬುದೇ ತಿಳಿದಿರುವುದಿಲ್ಲ. ಅವರಲ್ಲಿಯೂ ಕಡಿಮೆ ವರಮಾನದವರಿಗೆ ಪೆಟ್ಟು ಹೆಚ್ಚು, ಏಕೆಂದರೆ ಅವರ ದುಡಿಮೆಯ ದೊಡ್ಡ ಪಾಲು ಸಾಮಾನು ಕೊಳ್ಳುವುದಕ್ಕೇ ಹೋಗುತ್ತದೆ.

ಹಾಗೆಂದು ಮಗಳ ಎರಡನೆಯ ಮಾತನ್ನು ನಾನು ಒಪ್ಪುವುದಿಲ್ಲ. ‘ಸುಂಕ ಹಾಕಿ ಯಾವ ದೇಶವೂ ಉದ್ಧಾರ ಆಗಿಲ್ಲ’ ಎಂಬುದು ಪಠ್ಯಪುಸ್ತಕದ ಅರ್ಧ ಓದಿನಿಂದ ಬರುವ ಮಾತು. ಎಳೆಯ ಉದ್ಯಮಕ್ಕೆ ಸ್ವಲ್ಪ ಕಾಲ ರಕ್ಷಣೆ ಬೇಕೆಂದು ಅಮೆರಿಕದ ಮೊದಲ ಹಣಕಾಸು ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1791ರಲ್ಲೇ ವರದಿ ಬರೆದಿದ್ದರು. ಹತ್ತೊಂಬತ್ತನೆಯ ಶತಮಾನದ ಬಹುಪಾಲು ಅಮೆರಿಕ ಎತ್ತರದ ಸುಂಕದ ಗೋಡೆಯ ಹಿಂದೆಯೇ ಬೆಳೆಯಿತು. ಗೋಡೆಯಿಂದಾಗಿಯೇ ಬೆಳೆಯಿತೋ, ಗೋಡೆ ಇದ್ದರೂ ಬೆಳೆಯಿತೋ ಎಂದು ವಿದ್ವಾಂಸರು ಇವತ್ತಿಗೂ ಜಗಳವಾಡುತ್ತಾರೆ, ಅದು ಬೇರೆ ಮಾತು. ದಕ್ಷಿಣ ಕೊರಿಯಾ 1980ರ ದಶಕದ ಕೊನೆಯ ಹೊತ್ತಿನವರೆಗೂ ವಿದೇಶಿ ಕಾರಿಗೆ ಬಾಗಿಲು ಮುಚ್ಚಿಕೊಂಡೇ ಇತ್ತು. 1975ರಲ್ಲಿ ಹ್ಯುಂಡೈ ತನ್ನ ಪೋನಿ ಕಾರು ತಯಾರಿಸತೊಡಗಿತು, 1986ರಲ್ಲಿ ಅದೇ ಕಂಪನಿ ಅಮೆರಿಕದಲ್ಲಿ ಕಾರು ಮಾರುತ್ತಿತ್ತು.

ಬ್ರೆಜಿಲ್ ಕೂಡ ಬಾಗಿಲು ಮುಚ್ಚಿತ್ತು. ಸ್ವದೇಶಿ ಕಂಪ್ಯೂಟರ್ ಉದ್ಯಮ ಬೆಳೆಸಲೆಂದು 1984ರಲ್ಲಿ ಕಾನೂನು ಮಾಡಿ ತನ್ನ ಮಾರುಕಟ್ಟೆಯನ್ನು ಸ್ವದೇಶಿ ಕಂಪನಿಗಳಿಗೇ ಮೀಸಲಿಟ್ಟಿತು. ಯಂತ್ರಗಳು ದುಬಾರಿಯಾದವು, ಹೊರಗಿನ ತಂತ್ರಜ್ಞಾನಕ್ಕಿಂತ ಹಿಂದೆಬಿದ್ದವು, ಕಳ್ಳಸಾಗಣೆ ಬೆಳೆಯಿತು. 1990ರ ದಶಕದ ಆರಂಭದಲ್ಲಿ ಆ ಮೀಸಲಾತಿಯನ್ನೇ ಕೈಬಿಡಬೇಕಾಯಿತು. ಎರಡೂ ದೇಶ ಗೋಡೆ ಕಟ್ಟಿದವು. ಕೊರಿಯಾ ತನ್ನ ಕಂಪನಿಗಳಿಗೆ ಅಗ್ಗದ ಸಾಲ ಕೊಡುವಾಗ ‘ಎಷ್ಟು ರಫ್ತು ಮಾಡಿದೆ’ ಎಂದು ಕೇಳುತ್ತಿತ್ತು. ಒಳಗೆ ರಕ್ಷಣೆ ಪಡೆದವನು ಹೊರಗೆ ಹೋಗಿ ಜಗತ್ತಿನ ಜೊತೆ ಸೆಣಸಲೇಬೇಕಿತ್ತು. ಬ್ರೆಜಿಲ್‌ನಲ್ಲಿ ಆ ಪರೀಕ್ಷೆ ಇರಲಿಲ್ಲ. ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಇಲ್ಲಿದೆ. ಸುಂಕ ಕೊಡುವುದು ಕಾಲಾವಕಾಶ ಮಾತ್ರ. ಆ ಕಾಲದಲ್ಲಿ ಉದ್ಯಮ ವೆಚ್ಚ ಇಳಿಸಿಕೊಳ್ಳುತ್ತದೆಯೇ, ಬೆಲೆ ಏರಿಸಿ ಕೂರುತ್ತದೆಯೇ ಎಂಬುದನ್ನು ಸುಂಕ ನಿರ್ಧರಿಸುವುದಿಲ್ಲ.

ಭಾರತದ ಮೊಬೈಲ್ ಫೋನ್ ಉದ್ಯಮವನ್ನೂ ಈ ಚರ್ಚೆಯಲ್ಲಿ ಎಲ್ಲರೂ ಎಳೆದು ತರುತ್ತಾರೆ. 2018ರ ಬಜೆಟ್‌ನಲ್ಲಿ ಸಿದ್ಧ ಫೋನಿನ ಸುಂಕ ಶೇ 20ಕ್ಕೆ ಏರಿತು, ದೇಶದೊಳಗೆ ಜೋಡಣೆ ಭರದಿಂದ ಬೆಳೆಯಿತು. ಇದು ಸುಂಕದ ಗೆಲುವೇ? 2020ರಿಂದ ಉತ್ಪಾದನೆಗೆ ತಕ್ಕಂತೆ ಪ್ರೋತ್ಸಾಹಧನವೂ ಸೇರಿಕೊಂಡಿದ್ದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನಿಮಗೆ ಉಪಯೋಗಕ್ಕೆ ಬರುವ ಸಂಗತಿ ಬೇರೆ. ಬಿಡಿಭಾಗಗಳ ಮೇಲಿನ ಸುಂಕದಿಂದ ರಫ್ತಿಗೆ ಪೆಟ್ಟು ಬೀಳುತ್ತಿದೆ ಎಂದು ಅದೇ ಉದ್ಯಮ ದೂರುತ್ತ ಬಂತು. 2024ರ ಜನವರಿಯಲ್ಲಿ ಹಲವು ಬಿಡಿಭಾಗಗಳ ಸುಂಕ ಶೇ 15ರಿಂದ 10ಕ್ಕೂ, ಜುಲೈ ಬಜೆಟ್‌ನಲ್ಲಿ ಫೋನಿನ ಸುಂಕವೇ ಶೇ 15ಕ್ಕೂ ಇಳಿಯಿತು. ಅವರ ಬಿಡಿಭಾಗ ನಿಮ್ಮ ತಗಡು.

ಸರಿ, ಸಹಿಯ ವಿಷಯಕ್ಕೆ ಬರೋಣ. ಈಗಿರುವ ಒಕ್ಕಣೆಗೆ ನಾನಾದರೆ ಸಹಿ ಹಾಕುವುದಿಲ್ಲ. ಒಕ್ಕಣೆ ಬದಲಾಯಿಸಿದರೆ ಹಾಕುತ್ತೇನೆ.

ಮೊದಲನೆಯದಾಗಿ, ತಗಡಿನ ಸುಂಕಕ್ಕೆ ಸಂಘದ ವಿರೋಧವನ್ನು ಅದೇ ಪತ್ರದಲ್ಲಿ ದಾಖಲಿಸಬೇಕು. ‘ಉಕ್ಕಿನವರೂ ನಮ್ಮವರೇ, ಒಗ್ಗಟ್ಟು ಕೆಡುತ್ತದೆ’ ಎಂದು ಯಾರಾದರೂ ತಡೆಯುತ್ತಾರೆ. ಮೇಲಿನ 115–95ರ ಲೆಕ್ಕವನ್ನು ಅವರ ಮುಂದಿಡಿ. ನಿಮ್ಮಲ್ಲಿ ರಫ್ತು ಮಾಡುವವರಿದ್ದರೆ, ರಫ್ತಾದ ಸರಕಿನಲ್ಲಿ ಬಳಸಿದ ಆಮದು ತಗಡಿನ ಸುಂಕವನ್ನು ಮರಳಿ ಪಡೆಯುವ ಡ್ಯೂಟಿ ಡ್ರಾಬ್ಯಾಕ್ ವ್ಯವಸ್ಥೆ ಹಲವು ದೇಶಗಳಲ್ಲಿದೆ. ಸ್ವದೇಶಕ್ಕೇ ಮಾರುವ ನಿಮಗೆ ಅದು ಉಪಯೋಗವಿಲ್ಲ.

ಎರಡನೆಯದು ಸರಕಿನ ವಿವರಣೆ. ‘ಸಿದ್ಧ ಕಪಾಟು’ ಎಂದಷ್ಟೇ ಬರೆದರೆ ಸಾಲದು. ಜಗತ್ತಿನ ಬಹುತೇಕ ದೇಶಗಳ ಸುಂಕ ಪಟ್ಟಿಯಲ್ಲಿ ಲೋಹದ ಪೀಠೋಪಕರಣ 9403 ಎಂಬ ಶೀರ್ಷಿಕೆಯ ಅಡಿ ಬರುತ್ತದೆ. ಅದರ ಬಿಡಿಭಾಗಗಳಿಗೆ ಅದರೊಳಗೇ ಬೇರೆ ಉಪಸಂಖ್ಯೆ ಇದೆ. ಒಂದು ಪೂರ್ತಿ ಕಪಾಟಿನ ಭಾಗಗಳೆಲ್ಲ ಒಟ್ಟಿಗೆ ಬಂದರೆ ಬಿಚ್ಚಿದ್ದರೂ ಅದು ಕಪಾಟೇ ಎಂಬುದು ನಿಯಮ. ಆದರೆ ಬಾಗಿಲು ಒಂದು ಹಡಗಿನಲ್ಲಿ, ಹಲಗೆ ಇನ್ನೊಂದರಲ್ಲಿ ಬಂದರೆ? ಸುಂಕ ತಪ್ಪಿಸುವ ಜಾಣತನಕ್ಕೆ ಮಿತಿಯಿಲ್ಲ. ಅಮೆರಿಕದಲ್ಲಿ ಹಗುರ ಟ್ರಕ್‌ಗಳ ಮೇಲೆ 1964ರಿಂದ ಶೇ 25 ಸುಂಕವಿದೆ, ಪ್ರಯಾಣಿಕ ವಾಹನಕ್ಕೆ ಬಹುಕಾಲ ಇದ್ದದ್ದು ಶೇ 2.5. ಫೋರ್ಡ್ ಕಂಪನಿ ಟರ್ಕಿಯಲ್ಲಿ ತಯಾರಾದ ತನ್ನ ಟ್ರಾನ್ಸಿಟ್ ಕನೆಕ್ಟ್ ವ್ಯಾನುಗಳಿಗೆ ಹಿಂದಿನ ಸೀಟು ಜೋಡಿಸಿ ಪ್ರಯಾಣಿಕ ವಾಹನವೆಂದು ಇಳಿಸಿಕೊಳ್ಳುತ್ತಿತ್ತು. ಕಸ್ಟಮ್ಸ್ ದಾಟಿದ ಮೇಲೆ ಆ ಸೀಟುಗಳನ್ನು ಕಿತ್ತುಹಾಕಿ ಸರಕು ವ್ಯಾನಾಗಿ ಮಾರುತ್ತಿತ್ತು. ವರ್ಷಗಟ್ಟಲೆ ವ್ಯಾಜ್ಯ ನಡೆದು 2024ರಲ್ಲಿ 36 ಕೋಟಿ 50 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಂದಹಾಗೆ, ಆ ಟ್ರಕ್ ಸುಂಕ ಹುಟ್ಟಿದ್ದು ಅಮೆರಿಕದ ಕೋಳಿಮಾಂಸಕ್ಕೆ ಯುರೋಪಿನವರು ಸುಂಕ ಹಾಕಿದ ಸಿಟ್ಟಿಗೆ. ಕೋಳಿಯ ಜಗಳ ಜನ ಮರೆತರು, ಸುಂಕ ಉಳಿಯಿತು.

ಮೂರನೆಯದು ಅವಧಿ. ಆಮದು ದಿಢೀರನೆ ಏರಿ ಉದ್ಯಮಕ್ಕೆ ಗಂಭೀರ ಪೆಟ್ಟು ಬಿದ್ದಾಗ ಹಾಕುವ ಸೇಫ್‌ಗಾರ್ಡ್ ಸುಂಕಕ್ಕೆ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮದಲ್ಲಿ ಮೊದಲ ಅವಧಿ ಗರಿಷ್ಠ 4 ವರ್ಷ, ವಿಸ್ತರಣೆ ಸೇರಿ 8. ಅಭಿವೃದ್ಧಿಶೀಲ ದೇಶಗಳಿಗೆ 10. ಒಂದು ವರ್ಷ ಮೀರಿದರೆ ಹಂತಹಂತವಾಗಿ ಸಡಿಲಿಸುತ್ತ ಬರಬೇಕು. ಇಳಿಯುತ್ತ ಹೋಗುವ ಸುಂಕವನ್ನು ನೀವೇ ಕೇಳಿದರೆ ನಿಮ್ಮ ಮನವಿಗೆ ತೂಕ ಬರುತ್ತದೆ. 1983ರಲ್ಲಿ ಹಾರ್ಲೆ-ಡೇವಿಡ್‌ಸನ್ ಕಂಪನಿಗಾಗಿ ಅಮೆರಿಕ 700 ಸಿಸಿ ಮೀರಿದ ಆಮದು ಬೈಕುಗಳ ಮೇಲೆ ಹಾಕಿದ ಸುಂಕ ಹಾಗಿತ್ತು: ಮೊದಲ ವರ್ಷ ಶೇ 45 ಹೆಚ್ಚುವರಿ, ಒಟ್ಟು ಐದು ವರ್ಷಗಳ ಅವಧಿಯಲ್ಲಿ ವರ್ಷದಿಂದ ವರ್ಷಕ್ಕೆ ಇಳಿಕೆ. ಜಪಾನಿನವರು ತಮ್ಮ 750ರ ಬೈಕುಗಳನ್ನು 700ರೊಳಕ್ಕೆ ಇಳಿಸಿ ಮಾರಿದರು ಎಂಬುದೂ ನಿಜ. ಆದರೆ ಹಾರ್ಲೆ ಆ ಬಿಡುವಿನಲ್ಲಿ ತನ್ನ ತಯಾರಿಕಾ ಪದ್ಧತಿಯನ್ನು, ಗುಣಮಟ್ಟವನ್ನು ಸುಧಾರಿಸಿಕೊಂಡಿತು, 1987ರಲ್ಲಿ ‘ಇನ್ನು ಸಾಕು’ ಎಂದು ಅವಧಿಗೆ ಮುಂಚೆಯೇ ಹೇಳಿತು. ಅಷ್ಟೂ ಸುಂಕದ ಮಹಿಮೆಯೇ ಎಂದು ಕೇಳಿದರೆ ನಾನು ಅನುಮಾನ ಪಡುತ್ತೇನೆ.

ಹೊರಗಿನವರು ತಮ್ಮ ದೇಶದಲ್ಲಿ ಮಾರುವುದಕ್ಕಿಂತ ಕಡಿಮೆ ಬೆಲೆಗೆ ಇಲ್ಲಿ ಸುರಿಯುತ್ತಿದ್ದಾರೆ ಎಂಬುದಕ್ಕೆ ಪುರಾವೆ ಸಿಕ್ಕರೆ ಆಂಟಿ-ಡಂಪಿಂಗ್ ದೂರಿನ ದಾರಿಯೂ ಇದೆ. ತನಿಖೆ ನಿಧಾನ. ಸದಸ್ಯರೆಲ್ಲ ತಮ್ಮ ವೆಚ್ಚ, ಮಾರಾಟ, ನಷ್ಟದ ಲೆಕ್ಕವನ್ನು ತೆರೆದಿಡಬೇಕು. ಸಣ್ಣ ಕಾರ್ಖಾನೆಗಳು ಹಿಂದೆ ಸರಿಯುವುದು ಅಲ್ಲೇ. ಬರೀ ಅಗ್ಗ ಎಂಬುದು ಡಂಪಿಂಗ್ ಅಲ್ಲ ಎಂಬುದೂ ನೆನಪಿರಲಿ. ಅವರ ತಗಡು ಅಗ್ಗವಾಗಿದ್ದು, ಯಂತ್ರ ವೇಗವಾಗಿದ್ದರೆ ಅದು ಸ್ಪರ್ಧೆ.

ಕೊನೆಗೆ ಸಾಲ. ಇಲ್ಲಿ ನನ್ನ ಮಾತು ನೇರ: ಸುಂಕವನ್ನು ನಂಬಿ ಸಾಲ ಮಾಡಬೇಡಿ. ಸುಂಕ ಬರುತ್ತದೆ ಎಂಬ ಸುದ್ದಿ ಹಬ್ಬಿದೊಡನೆ ಆಮದುದಾರರು ಗೋದಾಮು ತುಂಬಿಸಿಕೊಳ್ಳುತ್ತಾರೆ. ಸುಂಕ ಜಾರಿಯಾದ ಮೇಲೂ ಆ ಹಳೆಯ ದಾಸ್ತಾನು ಕರಗುವವರೆಗೆ ನಿಮಗೆ ಆರ್ಡರ್ ಹೆಚ್ಚುವುದಿಲ್ಲ, ಬ್ಯಾಂಕಿನ ಕಂತು ಮಾತ್ರ ಮೊದಲ ತಿಂಗಳಿಂದಲೇ ಶುರು. ಇನ್ನು ಸುಂಕದ ಆಯಸ್ಸು. ಅಮೆರಿಕ 2002ರ ಮಾರ್ಚ್‌ನಲ್ಲಿ ಉಕ್ಕಿನ ಮೇಲೆ ಶೇ 30ರವರೆಗೆ ಸುಂಕ ಹಾಕಿದಾಗ ಹೇಳಿದ್ದು ಮೂರು ವರ್ಷ. ವಿಶ್ವ ವ್ಯಾಪಾರ ಸಂಸ್ಥೆ ಅದು ನಿಯಮಬಾಹಿರ ಎಂದಿತು, ಯುರೋಪಿನವರು ಪ್ರತೀಕಾರದ ಪಟ್ಟಿ ಹಿಡಿದು ನಿಂತರು, 2003ರ ಡಿಸೆಂಬರ್‌ನಲ್ಲಿ ತೆಗೆದುಹಾಕಿದರು. ಐದಾರು ವರ್ಷದ ಸಾಲವನ್ನು ಒಂದು ಅಧಿಸೂಚನೆಯ ಬೆನ್ನಿಗೆ ಕಟ್ಟುವುದು ಎಷ್ಟು ಅಪಾಯವೆಂದು ನೀವೇ ಯೋಚಿಸಿ.

ಬೆಂಡಿಂಗ್ ಮಷೀನ್ ಬೇಡವೆಂದಲ್ಲ. ಸುಂಕವಿಲ್ಲದ ಇಂದಿನ ಬೆಲೆಯಲ್ಲೇ, ಇಂದಿನ ಆರ್ಡರುಗಳಲ್ಲೇ ಅದರ ಕಂತು ಹುಟ್ಟುತ್ತದೆಯೇ ನೋಡಿ. ತಗಡಿನ ಪೋಲು ಎಷ್ಟು ಇಳಿಯುತ್ತದೆ ಎಂದು ಮೊದಲು ಅಳೆಯಿರಿ, ಏಕೆಂದರೆ ನಿಮ್ಮ ವೆಚ್ಚದಲ್ಲಿ 60 ಪಾಲು ಅದರದ್ದೇ. ಲೆಕ್ಕ ಕೂಡಿಬಂದರೆ ಸುಂಕ ಬರಲಿ ಬಿಡಲಿ ಹಾಕಿಸಿ. ಕೂಡಿಬರದಿದ್ದರೆ, ಡಬ್ಬಿಯ ಕಪಾಟು ಮಾಡಲಾಗದ ಕೆಲಸಗಳತ್ತ ತಿರುಗಿ: ಅಳತೆಗೆ ತಕ್ಕ ರ್‍ಯಾಕ್, ಹೆಚ್ಚು ಭಾರ ಹೊರುವವು, ಸ್ಥಳಕ್ಕೆ ಹೋಗಿ ಜೋಡಿಸಿಕೊಡುವುದು, ವಾರದೊಳಗೆ ಮುಟ್ಟಿಸುವುದು. ಅಲ್ಲಿ ಆರ್ಡರ್ ಚಿಕ್ಕದು, ಹಣ ಬರುವುದೂ ತಡವಾಗಬಹುದು. ಆದರೆ ಹಡಗಿನಲ್ಲಿ ಬರುವವನಿಗೆ ಆ ಕೆಲಸ ಗಿಟ್ಟುವುದಿಲ್ಲ. ಆಮದು ಭಾಗಗಳನ್ನು ತಾವೇ ತರಿಸಿ ಜೋಡಿಸಿ ಮಾರುವ ದಾರಿಯನ್ನು ಕೆಲವರು ಹಿಡಿದಿದ್ದಾರೆ. ಲಾಭವಿದೆ, ಆದರೆ ವಿನಿಮಯ ದರದ ಏರಿಳಿತ ನಿಮ್ಮ ತಲೆಗೆ ಬರುತ್ತದೆ. ನಾಳೆ ಬಿಡಿಭಾಗದ ಮೇಲೂ ಸುಂಕ ಬಿದ್ದರೆ, ಅದನ್ನು ಕೇಳಿದ ಮನವಿಯಲ್ಲಿ ನಿಮ್ಮದೇ ಸಹಿ ಇರುತ್ತದೆ.

ಸಂಘದ ಸಭೆಗೆ ಹೋಗುವ ಮುನ್ನ ಕಳೆದ ವರ್ಷದ ತಗಡಿನ ಬಿಲ್ಲುಗಳನ್ನೂ ಮಾರಾಟದ ಇನ್‌ವಾಯ್ಸ್‌ಗಳನ್ನೂ ತೆಗೆದು, ನಿಮ್ಮ 60–40 ನಿಜಕ್ಕೂ ಎಷ್ಟೆಂದು ಲೆಕ್ಕ ಮಾಡಿಕೊಂಡು ಹೋಗಿ. ಹೊರಗಿನ ಕಪಾಟಿನ ಬಂದರು ಮೌಲ್ಯವನ್ನು ಕಸ್ಟಮ್ಸ್ ಏಜೆಂಟರೊಬ್ಬರಿಂದ ಅಂದಾಜು ಮಾಡಿಸಿಕೊಳ್ಳಿ. ಆ ಎರಡು ಅಂಕಿ ಕೈಯಲ್ಲಿದ್ದರೆ ಶೇ 25 ಕೇಳಬೇಕೇ, ಶೇ 15 ಸಾಕೇ, ಅಥವಾ ಕಪಾಟಿನ ಮಾತನ್ನೇ ಬಿಟ್ಟು ತಗಡಿನ ಸುಂಕ ತಡೆಯಲು ಹೋರಾಡಬೇಕೇ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ನೀವು ಬರೆದಿರುವುದನ್ನು ಓದಿದರೆ ಮೂರನೆಯದೇ ನಿಮ್ಮ ಕಾರ್ಖಾನೆಗೆ ಹೆಚ್ಚು ಬೆಲೆಬಾಳುವ ಹೋರಾಟ ಎಂದು ನನಗೆ ಅನ್ನಿಸುತ್ತದೆ.